ಬ್ಯಾಗು ಕಾಯುವ ಕೆಲಸ

ಕೊನೆಯ ಬ್ಯಾಗನ್ನೂ ಅಕ್ಕನ ಮಡಿಲಲ್ಲಿಡಲು ತಮ್ಮ ಬಗ್ಗಿದಾಗ ಅವಳು ಕೈ ಅಡ್ಡ ಹಿಡಿದಳು. "ನೀನು ನೆರಳಲ್ಲಿ ಆರಾಮಾಗಿ ಕೂತಿರು ಅಕ್ಕಾ, ನಾವು ಗುಡ್ಡ ಸುತ್ತಿ ಬಂದ್ಬಿಡ್ತೀವಿ" ಎಂದ ತಮ್ಮ. ಪ್ರತಿ ಪ್ರವಾಸದಲ್ಲೂ ಇದೇ ಮಾತು. ಉಳಿದವರು ದೋಣಿ ಹತ್ತಲಿ, ಕೋಟೆ ಹತ್ತಲಿ, ಊರುಗೋಲು ಪಕ್ಕಕ್ಕಿಟ್ಟುಕೊಂಡು ಎಲ್ಲರ ಬ್ಯಾಗು, ಚಪ್ಪಲಿ ಕಾಯುವುದು ಅವಳ ಪಾಲಿಗೇ ಬರುತ್ತಿತ್ತು.

ಎದುರಿಗೆ ಗೈಡ್ ಗುಡ್ಡ ಸುತ್ತುವ ನಾಲ್ಕು ಚಕ್ರದ ಬೈಕಿನ ಪಕ್ಕ ನಿಂತು ಹೊಸಬರಿಗೆ ಹೇಳಿಕೊಡುತ್ತಿದ್ದ. "ಗೇರ್ ಇಲ್ಲ. ಹೆಬ್ಬೆರಳಲ್ಲಿ ಇದನ್ನ ಒತ್ತಿದ್ರೆ ಹೋಗುತ್ತೆ. ಬ್ರೇಕ್ ಎರಡೂ ಕೈಯಲ್ಲೇ."

"ಕಾಲಿಗೇನು ಕೆಲಸ?" ಅಕ್ಕ ಕುಳಿತಲ್ಲಿಂದಲೇ ಕೇಳಿದಳು.

"ಏನೂ ಇಲ್ಲ ಮೇಡಂ. ಸುಮ್ನೆ ಇಟ್ಕೊಂಡಿದ್ರೆ ಸಾಕು."

"ನನ್ನ ಬಲಗಾಲಿಗೆ ಚಿಕ್ಕಂದಿನಿಂದ ಅದೇ ಅಭ್ಯಾಸ" ಎನ್ನುತ್ತಾ ಅವಳು ಎದ್ದಳು. ಬ್ಯಾಗುಗಳನ್ನು ಒಂದೊಂದಾಗಿ ತಮ್ಮನ ಕುತ್ತಿಗೆಗೆ ನೇತುಹಾಕಿ, ಅವನ ಕಂಕುಳಲ್ಲಿದ್ದ ಹೆಲ್ಮೆಟ್ ಎಳೆದುಕೊಂಡಳು.

"ಬಿದ್ದುಗಿದ್ದರೆ ಏನು ಗತಿ ಅಕ್ಕಾ?"

"ಏಳ್ತೀನಿ. ನಿನಗಿಂತ ಹೆಚ್ಚು ಸಲ ಬಿದ್ದು ಎದ್ದಿದೀನಿ."

ಗೈಡ್‌ನ ಭುಜ ಹಿಡಿದು ಬೈಕೇರಿದಳು. ಅಂಗಿ ಬಟ್ಟೆ ಕತ್ತರಿಸುವುದೇ ಅವಳ ಕಸುಬು. ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು ಹ್ಯಾಂಡಲಿನ ಮೇಲೆ ತನ್ನ ಜಾಗ ತಾನೇ ಹುಡುಕಿಕೊಂಡಿತು. ಊರುಗೋಲನ್ನೂ ತಮ್ಮನ ಕೈಗೇ ಕೊಟ್ಟಳು. ಗೈಡ್ ಮುಂದಿನ ಬೈಕೇರಿ ಹೊರಡುವ ಸನ್ನೆ ಮಾಡಿದ.

"ಅಕ್ಕಾ, ನಿಧಾನ" ಎಂದ ತಮ್ಮ.

"ನೀಲಿ ಬ್ಯಾಗ್ ನೆಟ್ಟಗೆ ಹಿಡ್ಕೊ, ಬಾಟಲಿ ಮುಚ್ಚಳ ಸಡಿಲ ಇದೆ" ಎಂದು ಹೇಳಿ ಅಕ್ಕ ಹೆಬ್ಬೆರಳು ಒತ್ತಿದಳು.