ಇಲ್ಲದ ಆಫರ್

ಮೂರು ವರ್ಷದಿಂದ ಅದೇ ಸಂಬಳಕ್ಕೆ ಕೋಡ್ ಬರೆಯುತ್ತಿದ್ದ ಮಂಜರಿಗೆ ದಾರಿ ಹೇಳಿಕೊಟ್ಟವನು ಪಕ್ಕದ ಸೀಟಿನ ಶ್ರೀವತ್ಸ. ಮಂಗಳವಾರ ಕ್ಯಾಂಟೀನಿನಲ್ಲಿ ಟೀ ಕೊಡಿಸಿ ಹೇಳಿದ್ದ: "ಬೇರೆ ಕಡೆ ಆಫರ್ ಬಂದಿದೆ, ಹೋಗ್ತೀನಿ ಅಂತ ಸುಮ್ನೆ ಹೇಳು. ಸಂಬಳ ಜಾಸ್ತಿ ಮಾಡಿ ಉಳಿಸ್ಕೋತಾರೆ."

ಮರುದಿನ ಮ್ಯಾನೇಜರ್ ಮುಂದೆ ಕೂತು ಅವಳು ಆ ಸುಳ್ಳು ಹೇಳಿದಳು.

"ಯಾವಾಗ ಸೇರ್ಕೋಬೇಕು ಅಲ್ಲಿ?"

"ಮುಂದಿನ ತಿಂಗಳು, ಸರ್. ಇಲ್ಲೇ ಸಂಬಳ ಸ್ವಲ್ಪ ನೋಡಿದ್ರೆ..."

"ಬೇಡಮ್ಮ, ಹೋಗಿ. ಒಳ್ಳೇದಾಗ್ಲಿ." ಅವರು ನಿರಾಳವಾಗಿ ಕುರ್ಚಿಗೆ ಒರಗಿದರು. "ಟೀಮಲ್ಲಿ ಒಬ್ಬರನ್ನ ತೆಗೀಲೇಬೇಕು ಅಂತ ಮೇಲಿನಿಂದ ಹೇಳಿದ್ರು. ನೀವೇ ಹೊರಟ್ರಲ್ಲ, ನನ್ನ ತಲೆನೋವು ಇಳೀತು."

"ಯಾರನ್ನ ತೆಗೀಬೇಕು ಅಂತಿದ್ರಿ, ಸರ್?"

"ಶ್ರೀವತ್ಸನ್ನ. ಪಾಪ, ಸೋಮವಾರವೇ ಅವನಿಗೆ ಹೇಳಿಬಿಟ್ಟಿದ್ದೆ."