ಅತ್ತೆ ತಂದ ಉರಿ

ಗೋಡೆಗೆ ಕೂರಿಸಿದ ಹೊಸ ಎಲೆಕ್ಟ್ರಿಕ್ ಅಗ್ಗಿಷ್ಟಿಕೆಯ ಗಾಜಿನೊಳಗೆ ಉರಿ ಎದ್ದದ್ದೇ ತಡ, ಸುಮಂಗಲಾ ಬಾಗಿಲಿನವರೆಗೆ ಹಿಂದೆ ಸರಿದಳು. ಹಿಂದಿನ ವರ್ಷ ಒಲೆಯ ಬೆಂಕಿ ಸೆರಗಿಗೆ ಹತ್ತಿ ಬಲಗೈ ಸುಟ್ಟುಕೊಂಡ ಮೇಲೆ ಅವಳು ಒಂದು ಕಡ್ಡಿಯನ್ನೂ ಗೀರಿದವಳಲ್ಲ. ಮನೆಯವರು ದೇವರ ದೀಪ ಹಚ್ಚುವಾಗಲೂ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು.

"ಉರಿ ಕಾಣದ ಹೀಟರ್ ಸಾಕು ಅಂತ ಕೊಪ್ಪದ ಅಂಗಡೀಲೇ ಹೇಳಿದ್ನಲ್ಲಮ್ಮ! ಪಾಪ, ಹೆದರ್ಕೊಂಡ್ಲು ನೋಡು," ಎನ್ನುತ್ತ ಗಂಡ ಸೋಮನಾಥ್ ಸ್ವಿಚ್ಚಿಗೆ ಕೈ ಚಾಚಿದ.

"ತಡಿಯೋ ಮಾರಾಯ. ಉರಿ ಕಾಣ್ಲಿ ಅಂತಲೇ ನಾ ಇದನ್ನ ತಂದಿದ್ದು," ಎಂದರು ಅತ್ತೆ ವೀರಮ್ಮ. ಅಗ್ಗಿಷ್ಟಿಕೆಯ ಮುಂದೆ ನೆಲದ ಮೇಲೆ ಕುಳಿತು, ಉರಿ ಕುಣಿಯುತ್ತಿದ್ದ ಗಾಜಿಗೆ ಅಂಗೈ ಒತ್ತಿದರು. "ನೋಡು ಸುಮಾ, ಇದು ಬರೀ ಬೆಳಕು. ಬಿಸಿಗೆ ಬೇರೆ ಸ್ವಿಚ್ ಐತೆ, ಅದನ್ನ ಹಾಕೇ ಇಲ್ಲ. ನೀ ಬೇಡ ಅಂದ್ರೆ ಈಗ್ಲೇ ಬಂದ್ ಮಾಡ್ತೀನಿ."

ಸುಮಂಗಲಾ ಬೇಡ ಎನ್ನಲಿಲ್ಲ. ಗೋಡೆ ಹಿಡಿದುಕೊಂಡೇ ಬಂದು ಅತ್ತೆಯ ಪಕ್ಕ ಕುಳಿತಳು. ಕಲೆಗಟ್ಟಿದ ಬೆರಳುಗಳನ್ನು ಚಾಚಿ, ಹಿಂದಕ್ಕೆಳೆದುಕೊಂಡು, ಮತ್ತೆ ಚಾಚಿದಳು. ಗಾಜು ತಣ್ಣಗಿತ್ತು. ಅವಳ ಅಂಗೈಯ ಕೆಳಗೆ ಉರಿ ಏನೂ ಮಾಡದೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಬಹಳ ಹೊತ್ತು ಅವಳು ಕೈ ತೆಗೆಯಲಿಲ್ಲ.

ಆಮೇಲೆ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. "ತಣ್ಣನೆ ಬೆಂಕೀಲಿ ಚಳಿ ಕಾಯಿಸ್ತಾ ಕೂತಿದೀವಲ್ಲ ಅತ್ತೆ! ಬಿಸೀನೂ ಸ್ವಲ್ಪ ಹಾಕಿ."