ರೆಕ್ಕೆ ಬಿಚ್ಚಿದ ಕಾರು

ಕಲ್ಯಾಣದುರ್ಗದ ರೇಸಿನ ಕೊನೆಯ ತಿರುವಿನಲ್ಲಿ, ಎಲ್ಲರಿಗಿಂತ ಮುಂದಿದ್ದ ವಾಣಿಶ್ರೀಯ ಕಾರು ಗಿರ್ರನೆ ತಿರುಗಿ ಅದೇ ವೇಗದಲ್ಲಿ ಹಿಮ್ಮುಖವಾಗಿ ನುಗ್ಗಿತು. ಬೇಲಿಯ ಬಳಿಯಿದ್ದ ಅಣ್ಣ ಸುರೇಂದ್ರ ತಟ್ಟನೆ ಆಕಾಶ ನೋಡಿದ. ಹೋದ ವರ್ಷ ಇಲ್ಲೇ ಹೀಗೆ ಹಿಮ್ಮುಖವಾದಾಗ, ಇದೇ ಕಾರಿನ ಹಿಂದೆ ಕೂರಿಸಿದ್ದ ರೆಕ್ಕೆಯಡಿ ಗಾಳಿ ಹೊಕ್ಕು, ಕಾರು ಮೇಲಕ್ಕೆದ್ದು ಪಲ್ಟಿ ಹೊಡೆದಿತ್ತು.

ಆಮೇಲೆ ವಾಣಿಶ್ರೀ ಹಿಂದೂಪುರದ ಶೆಡ್ಡಿನಲ್ಲಿ ಆ ರೆಕ್ಕೆ ಬಿಚ್ಚಿ, ಅದರ ಜಾಗದಲ್ಲಿ ತಗಡಿನ ಪಟ್ಟಿಯೊಂದನ್ನು, ಅಡಿಯಲ್ಲಿ ಗಾಳಿ ನುಗ್ಗಲು ಸಂದಿಯಿಲ್ಲದಂತೆ, ಸ್ಪಾಯ್ಲರ್ ಆಗಿ ನಿಲ್ಲಿಸಿ ಬೋಲ್ಟ್ ಬಿಗಿದಿದ್ದಳು. "ಬೋಳ್ ಬೋಳಾಗ್ಬುಡ್ತು ಕಣಮ್ಮ ನಿನ್ ಕಾರು" ಎಂದು ಸುರೇಂದ್ರ ನಕ್ಕಿದ್ದ.

ಆಕಾಶ ಖಾಲಿಯಿತ್ತು. ಕಾರು ನೆಲ ಬಿಡದೆ ಜಾರಿಕೊಂಡು ಬಂದು ಅವನೆದುರೇ ನಿಂತಿತು.

"ಮೇಲೇನ್ ನೋಡ್ತೀಯ? ಕೆಳಗೇ ಇದೀನಿ ಕಣಣ್ಣ" ಎಂದು ಹೆಲ್ಮೆಟ್ಟಿನೊಳಗಿಂದ ಕೂಗಿ, ವಾಣಿಶ್ರೀ ಗೇರು ಹಾಕಿದಳು. ಹಿಂದಿನವರು ಇನ್ನೂ ತಿರುವು ಮುಟ್ಟಿರಲಿಲ್ಲ.